ಅತ್ತೆಯ ಗಿಟಾರ್‌ಕಾರರು

ನನ್ನ ಅತ್ತೆ ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಮೊದಲ ಸಲ ಎದುರಿಗೆ ನಿಂತು ಕೇಳಿದ್ದು ತಮಿಳುನಾಡಿನ ಕಂಬಂ ಕಣಿವೆಯ ಚಿನ್ನಮನೂರಿನಲ್ಲಿ, ರವಿಕೆಯ ಲೈನಿಂಗ್ ಬಟ್ಟೆ ತರಲು ಹೋದ ದಿನ. ತೊಂಬತ್ತೆಂಟರ ಬೇಸಿಗೆ ಅದು. ನಾನು ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಮನೆಯಲ್ಲಿ ಕೂತು ಬೇಸರವಾಗಿ ಅವಳ ಜೊತೆ ಹೊರಟಿದ್ದೆ.

ಅತ್ತೆ ಅಂದರೆ ಅಪ್ಪನ ಅಕ್ಕ. ಆಗ ಅವಳಿಗೆ ನಲವತ್ತೆರಡು. ಮದುವೆಯಾಗಿರಲಿಲ್ಲ. ಅಜ್ಜಿ ಬೇಗ ತೀರಿಕೊಂಡದ್ದರಿಂದ ಅಪ್ಪನನ್ನೂ ಇಬ್ಬರು ಚಿಕ್ಕಪ್ಪಂದಿರನ್ನೂ ಸಾಕಿ, ಅವರ ಮದುವೆಗಳು ಮುಗಿಯುವಷ್ಟರಲ್ಲಿ ಅವಳನ್ನು ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ಅದರ ಬಗ್ಗೆ ಅವಳು ಮಾತಾಡಿದ್ದನ್ನು ನಾನು ಕೇಳಿಲ್ಲ. ಮಾರ್ಕಯನ್‌ಕೋಟ್ಟೈಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಅವಳ ಹೊಲಿಗೆ ಮೆಷಿನ್ನು. ಸುತ್ತಲಿನ ನಾಲ್ಕು ಊರಿನ ಹೆಂಗಸರು ರವಿಕೆಗೆ ಅವಳ ಹತ್ತಿರವೇ ಬರುತ್ತಿದ್ದರು. ಯಾರ ತೋಳು ದಪ್ಪ, ಯಾರ ಭುಜ ಒಂದು ಕಡೆ ಇಳಿದಿದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಆ ಸಂಜೆ ಬಸ್ ನಿಲ್ದಾಣದ ಪಕ್ಕದ ಬಯಲಿನಲ್ಲಿ ಒಂದು ಲಾರಿ ನಿಂತಿತ್ತು. ಅದರ ಒಂದು ಮಗ್ಗುಲಿನ ಹಲಗೆ ಇಳಿಸಿ ವೇದಿಕೆ ಮಾಡಿದ್ದರು. ಹೊಸ ಮೊಪೆಡ್ ಒಂದರ ಪ್ರಚಾರಕ್ಕೆ ಯಾರೋ ಐದು ಜನರ ರಾಕ್ ತಂಡವನ್ನು ಕರೆಸಿ ಕಣಿವೆಯ ಊರೂರಿಗೆ ಕಳಿಸುತ್ತಿದ್ದರು. ಎರಡು ಹಾಡಿಗೊಮ್ಮೆ ಒಬ್ಬ ಮೈಕು ಹಿಡಿದು ಮೊಪೆಡ್ಡಿನ ಗುಣಗಾನ ಮಾಡುತ್ತಿದ್ದ. ಉಳಿದ ಹೊತ್ತೆಲ್ಲ ಹಾಡು, ಡ್ರಮ್ಮು, ಗಿಟಾರು. ಕೆಲವು ಇಂಗ್ಲಿಷು, ಕೆಲವು ಅವರೇ ಕಟ್ಟಿದ ತಮಿಳು ಹಾಡುಗಳು.

ಹಾಡುತ್ತ ಗಿಟಾರು ನುಡಿಸುತ್ತಿದ್ದವನು ನಲವತ್ತು ದಾಟಿದ ಸಣಕಲು ಮನುಷ್ಯ. ಉದ್ದ ಕೂದಲನ್ನು ಹಿಂದೆ ಕಟ್ಟಿದ್ದ. ಕಪ್ಪು ಅಂಗಿ. ನಾನು ಒಂದು ಹಾಡು ಕೇಳಿ ಹೊರಡಲು ತಿರುಗಿದೆ. ಅತ್ತೆ ಅಲುಗಲಿಲ್ಲ. ಬಟ್ಟೆಯ ಗಂಟನ್ನು ಎದೆಗವಚಿಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು ನಿಂತಿದ್ದಳು. ನಮ್ಮ ಊರಿನ ಬಸ್ಸು ಬಂತು, ಹಾರನ್ ಹೊಡೆಯಿತು, ಹೋಯಿತು. ಕೊನೆಯ ಹಾಡಿನಲ್ಲಿ ಅವನು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಬರೀ ಗಿಟಾರು ನುಡಿಸಿದ. ನಾನು ಪಕ್ಕಕ್ಕೆ ನೋಡಿದರೆ ಅತ್ತೆಯ ಕೆನ್ನೆ ಒದ್ದೆಯಾಗಿತ್ತು.

ಮುಂದಿನ ಬಸ್ಸಿನಲ್ಲಿ ಅವಳನ್ನು ಏನಾಯಿತೆಂದು ಕೇಳಿದೆ. ಏನೂ ಇಲ್ಲ ಎಂದಳು. ಆಮೇಲೆ, ಆ ಅಂಗಿಯ ಮೂರನೆಯ ಗುಂಡಿ ಇರಲಿಲ್ಲ, ಪಿನ್ನು ಹಾಕಿಕೊಂಡಿದ್ದಾರೆ, ನೋಡಿದೆಯಾ ಎಂದು ಕೇಳಿದಳು. ನಾನು ನೋಡಿರಲಿಲ್ಲ.

ಲಾರಿಯ ಹಿಂಬದಿಗೆ ಅಂಟಿಸಿದ್ದ, ಮುಂದಿನ ಕಾರ್ಯಕ್ರಮಗಳ ಊರು ದಿನಾಂಕಗಳ ಚೀಟಿಯನ್ನು ಅವಳು ಹೊರಡುವ ಮೊದಲೇ ಓದಿಕೊಂಡಿದ್ದಳು ಎಂಬುದು ನನಗೆ ಗೊತ್ತಾದದ್ದು ಎರಡು ದಿನದ ನಂತರ. ಉತ್ತಮಪಾಳೆಯದಲ್ಲಿ ಒಳ್ಳೆಯ ಹುಕ್ಕುಗಳು ಸಿಗುತ್ತವೆ, ಹೋಗಿ ಬರೋಣ ಎಂದಳು. ಹುಕ್ಕು ತರಲು ಅಷ್ಟು ದೂರವೇ ಎಂದು ಅವ್ವ ಕೇಳುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿಯಾಗಿತ್ತು. ಉತ್ತಮಪಾಳೆಯದಲ್ಲಿ ಬಸ್ಸಿಳಿದ ಕೂಡಲೇ ಲಾರಿ ಕಂಡಿತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಲಿಲ್ಲ. ಹುಕ್ಕಿನ ಅಂಗಡಿಗೆ ಹೋಗುವುದು ಇಬ್ಬರಿಗೂ ಮರೆತುಹೋಯಿತು. ಬರುವಾಗ ಚಿನ್ನಮನೂರಿನಲ್ಲಿ ಇಳಿದು ಎಂದಿನ ಅಂಗಡಿಯಲ್ಲೇ ಒಂದು ಡಬ್ಬಿ ಕೊಂಡು ಮನೆಗೆ ಬಂದೆವು.

ಅಲ್ಲಿಂದ ಮುಂದೆ ನಾವಿಬ್ಬರೂ ಒಂದು ಪಕ್ಷ. ಕಂಬಂಗೆ ಹೋಗಲು ಯಾರದೋ ಮಗುವಿನ ನಾಮಕರಣ ನೆಪವಾಯಿತು. ಬೋಡಿಗೆ ಹೋಗಲು ನನ್ನ ಕಾಲೇಜಿನ ಅರ್ಜಿ. ಎಲ್ಲ ಕಡೆಯೂ ಕಾರ್ಯಕ್ರಮ ಐದೂವರೆಗೆ ಶುರುವಾಗಿ ಏಳೂವರೆಗೆ ಮುಗಿಯುತ್ತಿದ್ದುದು ನಮ್ಮ ಪುಣ್ಯ. ಅತ್ತೆ ಮುಂದೆ ಹೋಗಿ ನಿಲ್ಲುತ್ತಿರಲಿಲ್ಲ. ಮುಂದೆಲ್ಲ ಕುಣಿಯುವ ಹುಡುಗರು. ಅವಳು ಎಡಗಡೆ, ಅವನ ಬೆರಳುಗಳು ಕಾಣುವಂಥ ಜಾಗ ನೋಡಿ ನಿಲ್ಲುತ್ತಿದ್ದಳು. ಮೂರನೆಯ ಊರಿನ ಹೊತ್ತಿಗೆ ಯಾವ ಹಾಡಿನ ನಂತರ ಯಾವುದು ಬರುತ್ತದೆ ಎಂದು ಅವಳಿಗೆ ತಿಳಿದಿತ್ತು. ಪದ ಅರ್ಥವಾಗದ ಹಾಡುಗಳಿಗೆ ತಾನೇ ಹೆಸರಿಟ್ಟಿದ್ದಳು: ನಿಧಾನದ್ದು, ಬೈಯುವುದು, ಹೊಳೆ ದಾಟುವುದು.

ಬೋಡಿಯ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಬೋಡಿಮೆಟ್ಟಿನ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಇಳಿಯುತ್ತಿತ್ತು. ಏಲಕ್ಕಿ ತೋಟದ ಕೆಲಸ ಮುಗಿಸಿದ ಹೆಂಗಸರನ್ನು ತುಂಬಿಕೊಂಡು ಘಾಟಿ ಇಳಿದು ಬಂದ ಜೀಪುಗಳು ರಸ್ತೆ ಪಕ್ಕ ನಿಂತವು. ಆ ಹೆಂಗಸರು ಇಳಿಯದೆ ಒಬ್ಬರ ಮೇಲೊಬ್ಬರು ಕೂತೇ ಕೇಳಿದರು. ಒಬ್ಬಾಕೆ ಅತ್ತೆಗೆ ಪರಿಚಯದವಳು. ಇಲ್ಲೇನು ಮಾಡುತ್ತಿದ್ದೀಯ ಎಂದು ತಮಿಳಿನಲ್ಲಿ ಕೂಗಿ ಕೇಳಿದಳು. ಅತ್ತೆ ಕೈ ಎತ್ತಿ ಲಾರಿಯ ಕಡೆ ತೋರಿಸಿದಳು. ಸುಳ್ಳು ಹೇಳದೆ ಅವಳು ಕೊಟ್ಟ ಮೊದಲ ಉತ್ತರ ಅದು. ಆ ಉತ್ತರ ನಮ್ಮ ಮನೆಗೆ ತಲುಪಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ನಾವು ಆಂಡಿಪಟ್ಟಿಗೂ ಹೋಗಿ ಬಂದಿದ್ದೆವು.

ಆಂಡಿಪಟ್ಟಿಯಲ್ಲಿ ಎರಡನೆಯ ಹಾಡಿನ ನಡುವೆ ಜನರೇಟರ್ ಕೆಟ್ಟಿತು. ಗಿಟಾರಿನ ಸದ್ದು ಫಕ್ಕನೆ ನಿಂತು, ಡ್ರಮ್ಮು ಮಾತ್ರ ಸ್ವಲ್ಪ ಹೊತ್ತು ಬಡಿದುಕೊಂಡಿತು. ಜನ ಕೂಗಾಡಿದರು. ಆಗ ಆ ಗಿಟಾರಿನವನು ಡ್ರಮ್ಮಿನವನ ಕಡೆ ತಿರುಗಿ ಹೇಳಿದ ಮಾತು ಮೈಕಿಲ್ಲದೆಯೇ ನಮ್ಮವರೆಗೆ ಬಂತು:

"ಬಿಡಪ್ಪಾ, ಡೀಸೆಲ್ ಹಾಕೋದೇ ಮರ್ತವ್ರೆ ಇವ್ರು."

ಅತ್ತೆ ನನ್ನ ಮುಂಗೈ ಹಿಡಿದಳು. ಬಳೆ ಒತ್ತಿ ನೋವಾಯಿತು.

"ನಮ್ಮ ಮಾತು," ಎಂದಳು. "ಕೇಳ್ದಿಯಾ ನನ್ನ ಕಣ್ಣು? ನಮ್ಮ ಮಾತು ಆಡ್ದ್ರು."

ಮನೆಯೊಳಗೆ ನಾವು ಕನ್ನಡ ಆಡುತ್ತೇವೆ, ಹೊಸಿಲು ದಾಟಿದರೆ ತಮಿಳು. ನಮ್ಮ ಹಿರಿಯರು ಎಷ್ಟು ತಲೆಮಾರಿನ ಹಿಂದೆ ಈ ಕಣಿವೆಗೆ ಬಂದರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ಕನ್ನಡದಲ್ಲಿ ಅರ್ಧ ತಮಿಳು ಬೆರೆತಿದೆ, ನನ್ನ ವಯಸ್ಸಿನವರು ಕೇಳಿ ಅರ್ಥ ಮಾಡಿಕೊಳ್ಳುತ್ತಿದ್ದೆವು, ಉತ್ತರ ತಮಿಳಿನಲ್ಲೇ ಕೊಡುತ್ತಿದ್ದೆವು. ನಮ್ಮ ನೆಂಟರಲ್ಲದವರೊಬ್ಬರು, ಅದೂ ಲಾರಿಯ ಮೇಲೆ ನಿಂತು, ಆ ಮಾತನ್ನಾಡಿದ್ದನ್ನು ಅತ್ತೆ ಅವತ್ತಿನವರೆಗೆ ಕೇಳಿರಲಿಲ್ಲ.

ಜನರೇಟರ್ ಸರಿಯಾಗುವವರೆಗೆ ಅವನು ಬರೀ ಮರದ ಗಿಟಾರೊಂದನ್ನು ತಂದು ಲಾರಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಹತ್ತಿರ ಬಂದವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ನುಡಿಸಿದ. ನಾನು ಅತ್ತೆಯನ್ನು ಮುಂದಕ್ಕೆ ತಳ್ಳಿದೆ. ಹೋಗಿ ಮಾತಾಡಿಸು ಎಂದೆ. ಅವಳು ತಲೆ ಅಲ್ಲಾಡಿಸಿದಳು. ಅಷ್ಟು ದಿನ ಅವನನ್ನು ನೋಡಲು ಹೋಗುತ್ತಿದ್ದವಳು ಅವನು ಕೈಗೆಟುಕುವಷ್ಟು ಹತ್ತಿರ ಕೂತಾಗ ಎರಡು ಹೆಜ್ಜೆ ಹಿಂದೆ ಸರಿದಳು.

ಮರುದಿನ ಅಪ್ಪನಿಗೆ ವಿಷಯ ತಿಳಿಯಿತು. ದ್ರಾಕ್ಷಿ ತೋಟದಿಂದ ಬಂದವನು ಕೈಕಾಲು ತೊಳೆಯದೆ ಜಗಲಿಯ ಮೇಲೆ ನಿಂತ. ಅಕ್ಕನ ಮೇಲೆ ಅವನು ಯಾವತ್ತೂ ದನಿಯೆತ್ತಿದವನಲ್ಲ, ಆವತ್ತೂ ಎತ್ತಲಿಲ್ಲ. ಜನ ಏನೆಂದುಕೊಂಡಾರು, ಈ ವಯಸ್ಸಿನಲ್ಲಿ ಹಾಡುವ ಪಾಟುಗಾರನ ಹಿಂದೆ ಊರೂರು ತಿರುಗುವುದೇ, ಜೊತೆಗೆ ವಯಸ್ಸಿಗೆ ಬಂದ ಹುಡುಗಿಯನ್ನು ಬೇರೆ ಕರೆದುಕೊಂಡು, ಎಂದು ಜಗಲಿಯ ಕಂಬದ ಕಡೆ ನೋಡಿಕೊಂಡು ಹೇಳಿದ. ಅತ್ತೆ ಕೇಳಿಸಿಕೊಳ್ಳುತ್ತಲೇ ಒಂದು ತೋಳಿನ ಹೊಲಿಗೆ ಪೂರ್ತಿ ಮಾಡಿದಳು. ದಾರ ಕತ್ತರಿಸಿದಳು.

"ಇಷ್ಟು ವರುಸದಲ್ಲಿ ನಿನ್ನ ನಾನು ಏನಾದ್ರೂ ಕೇಳಿವ್ನಾ ತಮ್ಮಾ?" ಎಂದಳು.

ಅಪ್ಪ ಕೈಕಾಲು ತೊಳೆಯಲು ಒಳಗೆ ಹೋದ. ಆ ರಾತ್ರಿ ಅವ್ವ ಊಟ ಬಡಿಸುತ್ತ, ತಾನು ಈ ಮನೆಗೆ ಬಂದ ಹೊಸತರಲ್ಲಿ ಅತ್ತೆ ಕೆಲಸ ಮಾಡುವಾಗ ಗುನುಗುತ್ತಿದ್ದಳು, ಈಗ ನೆನಪಾಯಿತು ಎಂದಳು. ಬೆಳಿಗ್ಗೆ ತೋಟಕ್ಕೆ ಹೊರಟ ಅಪ್ಪ ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ, ಮುಂದಿನ ಕಾರ್ಯಕ್ರಮವಿದ್ದ ತೇನಿಗೆ ತಾನೂ ಬರುತ್ತೇನೆ ಎಂದ.

ತೇನಿಯಲ್ಲಿ ಅಪ್ಪ ನಮ್ಮಿಂದ ದೂರ, ಚಹಾ ಅಂಗಡಿಯ ಮುಂದೆ, ಲಾರಿಗೆ ಬೆನ್ನು ಹಾಕಿ ನಿಂತ. ಕೈಕಟ್ಟಿಕೊಂಡಿದ್ದ. ನಾನು ಆಗಾಗ ಹಿಂತಿರುಗಿ ನೋಡುತ್ತಿದ್ದೆ. ಮೂರು ಹಾಡಿನವರೆಗೂ ಬೆನ್ನೇ ಕಂಡಿತು. ಆಮೇಲೆ ಅತ್ತೆ 'ಹೊಳೆ ದಾಟುವುದು' ಎಂದು ಹೆಸರಿಟ್ಟಿದ್ದ ಹಾಡು ಬಂತು. ಆ ಗಿಟಾರು ಒಂದೇ ಕಡೆ ಸುತ್ತಿ ಸುತ್ತಿ, ಇನ್ನೇನು ನಿಂತಿತು ಅನ್ನುವಾಗ ಮೇಲಕ್ಕೆ ಏರುತ್ತದೆ. ಆಗ ನೋಡಿದರೆ ಅಪ್ಪ ತಿರುಗಿ ನಿಂತಿದ್ದ. ಲಾರಿಯನ್ನಲ್ಲ, ಅತ್ತೆಯನ್ನು ನೋಡುತ್ತಿದ್ದ. ಅವಳು ಕಾಲ ಹೆಬ್ಬೆರಳಲ್ಲಿ ತಾಳ ಹಾಕುತ್ತಿದ್ದಳು. ಅವಳಿಗೆ ಅದರ ಪರಿವೆ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನಮ್ಮ ಕಡೆ ತಿರುಗಿದ. ಅಷ್ಟು ಹೊತ್ತು ಆ ತಂತಿ ಒತ್ತಿದರೆ ಆ ಮನುಷ್ಯನ ಬೆರಳು ನೋಯುವುದಿಲ್ಲವೇ ಎಂದು ಕೇಳಿದ. ಅತ್ತೆ ನಕ್ಕುಬಿಟ್ಟಳು. ತಾನೂ ಮೊದಲ ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ ಎಂದಳು.

ಕೊನೆಯ ಕಾರ್ಯಕ್ರಮ ದಿಂಡಿಗಲ್‌ನಲ್ಲಿ. ಅಪ್ಪನಿಗೆ ಆ ದಿನ ದ್ರಾಕ್ಷಿ ಕೊಯ್ಲು, ಬರಲಾಗಲಿಲ್ಲ. ಆದರೆ ಒಳ್ಳೆಯ ಗೊನೆಗಳನ್ನು ತಾನೇ ಆರಿಸಿ, ಒಣಹುಲ್ಲು ಹಾಸಿದ ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಬಸ್ಸಿನವರೆಗೆ ಹೊತ್ತು ತಂದುಕೊಟ್ಟ. ಯಾರಿಗೆಂದು ಹೇಳಲಿಲ್ಲ. ಅತ್ತೆ ಬೆಳಗಿನ ಜಾವಕ್ಕೆ ಎದ್ದು ಹುಳಿಯನ್ನ ಕಲಸಿ, ಹುರುಳಿ ಚಟ್ನಿ ಅರೆದು, ಕ್ಯಾರಿಯರಿಗೆ ತುಂಬಿದ್ದಳು. ಅದೂ ಯಾರಿಗೆಂದು ಹೇಳಲಿಲ್ಲ.

ದಿಂಡಿಗಲ್ ತಲುಪಿದಾಗ ಮಧ್ಯಾಹ್ನ. ಊರ ಮೇಲಿನ ಕೋಟೆಯ ಬಂಡೆ ಬಿಸಿಲಿಗೆ ಕಾದು ಬೆಳ್ಳಗೆ ಕಾಣುತ್ತಿತ್ತು. ಮೈದಾನದ ಮೂಲೆಯಲ್ಲಿ ಲಾರಿ, ಅದರ ಹಿಂದೆ ಬೇವಿನ ಮರ, ಮರದ ಕೆಳಗೆ ಆ ಐದು ಜನ. ನಾಲ್ವರು ಚಾಪೆ ಹಾಸಿ ಮಲಗಿದ್ದರು. ಗಿಟಾರಿನವನೊಬ್ಬನೇ ಕೂತು ಬೆರಳ ತುದಿಗೆ ಪ್ಲಾಸ್ಟರ್ ಸುತ್ತಿಕೊಳ್ಳುತ್ತಿದ್ದ. ಕನ್ನಡಕ ಹಾಕಿದ್ದ. ಹತ್ತಿರದಿಂದ ನೋಡಿದರೆ ಕೂದಲ ಬುಡವೆಲ್ಲ ಬಿಳಿ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಅತ್ತೆಯ ಮುಖ ನೋಡಿದೆ, ಅಲ್ಲಿ ನಿರಾಸೆ ಇರಲಿಲ್ಲ, ಭಯ ಇತ್ತು.

ಅವನು ತಲೆಯೆತ್ತಿ, ಏನಮ್ಮಾ ಎಂದು ತಮಿಳಿನಲ್ಲಿ ಕೇಳಿದ. ಅತ್ತೆ ಕ್ಯಾರಿಯರನ್ನು ನೆಲಕ್ಕಿಟ್ಟಳು. ಆಮೇಲೆ ಕನ್ನಡದಲ್ಲಿ ಹೇಳಿದಳು:

"ಅಂಗಿ ಕೊಡಿ. ಗುಂಡಿ ಒಲ್ದು ಕೊಡ್ತೀನಿ."

ಅವನು ಕನ್ನಡಕ ತೆಗೆದು ಅವಳನ್ನು ನೋಡಿದ. ನಂತರ ತನ್ನ ಅಂಗಿಯ ಎದೆಯ ಮೇಲಿದ್ದ ಪಿನ್ನು ನೋಡಿಕೊಂಡ. ಎದ್ದು ಲಾರಿಯೊಳಗೆ ಹೋಗಿ, ಬನಿಯನ್ನಿನ ಮೇಲೆ ಟವಲು ಹೊದ್ದುಕೊಂಡು, ಅಂಗಿ ತಂದು ಅವಳ ಕೈಗೆ ಕೊಟ್ಟ. ಅತ್ತೆ ಬೇವಿನ ಬುಡದಲ್ಲಿ ಕೂತು ಪರ್ಸಿನಿಂದ ಸೂಜಿ, ಕಪ್ಪು ದಾರ ತೆಗೆದಳು. ಗುಂಡಿಯನ್ನೂ ತಂದಿದ್ದಳು. ಕೈಗೆ ಬಟ್ಟೆ ಬಂದ ಕೂಡಲೇ ಮುಖದ ಭಯ ಇಳಿಯಿತು.

ಅವಳು ಹೊಲಿಯುತ್ತಿರುವಾಗ ಮಾತು ನಡೆಯಿತು. ಕರ್ನಾಟಕದಲ್ಲಿ ಯಾವ ಕಡೆಯವರು ಎಂದು ಅವನು ಕೇಳಿದ. ಯಾವ ಕಡೆಯೂ ಅಲ್ಲ, ಇಲ್ಲಿಯವರೇ, ಆ ನಾಡನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ ಎಂದಳು ಅತ್ತೆ. ಅವನದು ಕೋಲಾರದ ಚಿನ್ನದ ಗಣಿಯ ಊರು. ಅಪ್ಪ ಗಣಿ ಕೆಲಸಕ್ಕೆಂದು ತಮಿಳುನಾಡಿನಿಂದ ಹೋದವರು, ತಾಯಿ ಅಲ್ಲೇ ಪಕ್ಕದ ಹಳ್ಳಿಯವರು. ಗಣಿಯ ಕಾಲೊನಿಯಲ್ಲಿ ಯಾರೋ ಬಿಟ್ಟುಹೋದ ಹಳೆಯ ಗಿಟಾರಿನಲ್ಲಿ ಕಲಿತದ್ದಂತೆ. 'ಒಲ್ದು' ಎಂದು ತನ್ನ ತಾಯಿಯ ತಾಯಿ ಹೇಳುತ್ತಿದ್ದರು, ಅವರು ಹೋದ ಮೇಲೆ ಇವತ್ತೇ ಕೇಳಿದ್ದು ಎಂದ. ಅವನ ಕನ್ನಡದ ಕೆಲವು ಮಾತು ನಮಗೆ ಹತ್ತಲಿಲ್ಲ, ಅತ್ತೆಯ ಕೆಲವು ಮಾತು ಅವನಿಗೆ ಹತ್ತಲಿಲ್ಲ. ಹತ್ತದ ಕಡೆ ಇಬ್ಬರೂ ತಮಿಳಿಗೆ ಹೊರಳಿ ಮತ್ತೆ ವಾಪಸು ಬರುತ್ತಿದ್ದರು.

ದಾರವನ್ನು ಹಲ್ಲಿನಿಂದ ಕಡಿದು ಅಂಗಿ ಮಡಚುವಾಗ ಅತ್ತೆ ಕೇಳಿದಳು:

"ಪಾಟಿನ ನಡುವೆ ಕಣ್ಣು ಮುಚ್ಕೊತೀರಲ್ಲ, ಆಗ ನಿಮಗೆ ಏನು ಕಾಣ್ತದೆ?"

ಅವನು ಅಂಗಿ ಪಡೆದು ಮಡಿಲಲ್ಲಿಟ್ಟುಕೊಂಡು ಯೋಚಿಸಿದ.

"ಏನೂ ಕಾಣಲ್ಲ ಅಕ್ಕಾ. ಎಣಿಸ್ತಾ ಇರ್ತೀನಿ. ಕಣ್ಣು ಬಿಟ್ರೆ ಜನ ಕಾಣ್ತಾರೆ, ಲೆಕ್ಕ ತಪ್ಪೋಗುತ್ತೆ."

ನನಗಾಗಿದ್ದರೆ ಆ ಉತ್ತರ ಬೇಸರ ತರಿಸುತ್ತಿತ್ತು. ಅತ್ತೆ ಮಾತ್ರ ಮುಖವೆಲ್ಲ ಅರಳಿಸಿಕೊಂಡು, ಗುಂಡಿಯ ಕಾಜಾ ಹೊಲಿಯುವಾಗ ತಾನೂ ಹಾಗೇ, ಯಾರಾದರೂ ಮಾತಾಡಿಸಿದರೆ ಎಳೆ ತಪ್ಪುತ್ತದೆ ಎಂದಳು. ಆಮೇಲೆ ಕ್ಯಾರಿಯರ್ ಬಿಚ್ಚಿದಳು. ಮಲಗಿದ್ದವರೂ ಎದ್ದರು. ಐದು ಜನವೂ ಉಂಡರು, ದ್ರಾಕ್ಷಿ ಪೆಟ್ಟಿಗೆ ನೋಡನೋಡುತ್ತಿದ್ದಂತೆ ಖಾಲಿಯಾಯಿತು. ಹುರುಳಿ ಚಟ್ನಿಯನ್ನು ಅವನು ಮೂರು ಸಲ ಹಾಕಿಸಿಕೊಂಡ.

ಸಂಜೆಯ ಕಾರ್ಯಕ್ರಮದಲ್ಲಿ ಅವನು ಅತ್ತೆಯ ಬಗ್ಗೆ ಮೈಕಿನಲ್ಲಿ ಏನಾದರೂ ಹೇಳುತ್ತಾನೆ ಎಂದು ನಾನು ಕಾದೆ. ಹೇಳಲಿಲ್ಲ. ಎಲ್ಲ ಊರಿನಲ್ಲಿ ನುಡಿಸಿದ ಹಾಗೆಯೇ ನುಡಿಸಿದ. ಅತ್ತೆ ಎಂದಿನಂತೆ ಎಡಗಡೆ ನಿಂತಿದ್ದಳು. ಮುಗಿದ ಮೇಲೆ, ಹುಡುಗರು ಲಾರಿಯನ್ನು ಮುತ್ತಿಕೊಂಡಿದ್ದಾಗ, ಅವನು ಅವರ ತಲೆಗಳ ಮೇಲಿಂದ ಕೈ ಚಾಚಿ ನನಗೆ ಒಂದು ಕ್ಯಾಸೆಟ್ಟು ಕೊಟ್ಟ. ಅಕ್ಕನಿಗೆ ಎಂದ. ಅಷ್ಟರಲ್ಲಿ ಯಾರೋ ಅವನನ್ನು ಕರೆದರು. ನಾವು ಬಸ್ಸಿಗೆ ಓಡಿದೆವು.

ತಂಡದವರು ತಾವೇ ರೆಕಾರ್ಡ್ ಮಾಡಿಕೊಂಡ ಹಾಡುಗಳ ಕ್ಯಾಸೆಟ್ಟು ಅದು. ಒಳಗಿನ ಕಾಗದದ ಬೆನ್ನಿಗೆ ಪೆನ್ನಿನಲ್ಲಿ ಮೂರು ಸಾಲು ಬರೆದಿದ್ದ. ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಕನ್ನಡ ತಿಳಿಯುತ್ತಿತ್ತು, ಆ ಮೂರು ಸಾಲು ಓದಲು ಬರುವವರು ಒಬ್ಬರೂ ಇರಲಿಲ್ಲ. ಅಪ್ಪ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಬೀದಿಯ ಹಿರಿಯರೊಬ್ಬರಿಗೆ ತೋರಿಸಿದ. ಅವರು ಕಣ್ಣಿನ ಹತ್ತಿರ ಹಿಡಿದು, ನಮ್ಮ ಮಾತಿಗೆ ಹೀಗೊಂದು ಬರಹ ಉಂಟೇ ಎಂದು ವಾಪಸು ಕೊಟ್ಟರು.

ಹತ್ತು ದಿನ ಆ ಕಾಗದ ಅತ್ತೆಯ ಅಳತೆ ಪುಸ್ತಕದೊಳಗೆ ಇತ್ತು. ಆಮೇಲೆ ಅಪ್ಪನೇ ದಾರಿ ಹುಡುಕಿದ. ದ್ರಾಕ್ಷಿ ಪೆಟ್ಟಿಗೆ ಒಯ್ಯಲು ಮೈಸೂರು ಕಡೆಯ ಲಾರಿಯೊಂದು ಚಿನ್ನಮನೂರಿಗೆ ಬರುತ್ತಿತ್ತು. ಅದರ ಚಾಲಕನನ್ನು ಅಪ್ಪ ಮನೆಗೇ ಕರೆತಂದ. ಅತ್ತೆ ಅವನಿಗೆ ಚಹಾ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕಾಗದ ಮುಂದೆ ಚಾಚಿದಳು. ಅವನು ನಿಂತಲ್ಲೇ ಗಟ್ಟಿಯಾಗಿ ಓದಿದ:

"ಅಕ್ಕಾ, ಚಟ್ನಿ ತುಂಬ ಚೆನ್ನಾಗಿತ್ತು. ಎರಡನೇ ಕಡೆ ಮೂರನೇ ಹಾಡಲ್ಲಿ ಒಂದು ತಪ್ಪು ನುಡಿಸಿದ್ದೀನಿ. ಇದುವರೆಗೆ ಯಾರೂ ಕಂಡುಹಿಡಿದಿಲ್ಲ."

ಅಷ್ಟೇ. ಅತ್ತೆ ಮತ್ತೊಮ್ಮೆ ಓದಿಸಿದಳು. ಎರಡನೆಯ ಸಲ ಓದುವಾಗ ಅವಳ ತುಟಿಗಳೂ ಅಲುಗುತ್ತಿದ್ದವು.

ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಚಿಕ್ಕಪ್ಪನ ಮನೆಯದನ್ನು ತಂದಿಟ್ಟುಕೊಂಡಳು. ಆ ಹಾಡನ್ನು ಎಷ್ಟು ಸಲ ಹಾಕಿದಳೆಂದರೆ ರವಿಕೆ ಕೊಡಲು ಬರುತ್ತಿದ್ದ ಹೆಂಗಸರಿಗೂ ಅದು ಬಾಯಿಗೆ ಬಂತು. ನಾನೂ ಕಿವಿಗೊಟ್ಟು ಕೇಳುತ್ತಿದ್ದೆ, ನನಗೆ ತಪ್ಪು ಸಿಗಲಿಲ್ಲ. ಆಷಾಢದ ಒಂದು ಮಧ್ಯಾಹ್ನ ಅವಳು ಮೆಷಿನ್ನಿನ ಚಕ್ರಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಸಿಕ್ಕಿತು ಎಂದಳು. ಎಲ್ಲಿ ಎಂದು ಕೇಳಿದೆ. ಅದು ಅವರು ನನಗೆ ಹೇಳಿದ್ದು, ನಿನಗೇಕೆ ಎಂದು ಮತ್ತೆ ಪೆಡಲು ತುಳಿದಳು.

ಆ ಮೈಸೂರು ಲಾರಿಯ ಚಾಲಕ ಮುಂದಿನ ಸಲ ಬರುವಾಗ ಮಕ್ಕಳ ಕನ್ನಡ ಅಕ್ಷರಮಾಲೆಯೊಂದನ್ನು ತಂದುಕೊಟ್ಟಿದ್ದ. ಅತ್ತೆಯೂ ನಾನೂ ಜೊತೆಗೆ ಶುರು ಮಾಡಿದೆವು. ಅವಳು ತನ್ನ ಹೆಸರು ಬರೆಯುವಷ್ಟು ಕಲಿತು, ಸಾಕು ಎಂದು ಬಿಟ್ಟಳು. ನಾನು ಬಿಡಲಿಲ್ಲ. ಇದನ್ನು ಈ ಅಕ್ಷರಗಳಲ್ಲಿ ಬರೆಯುತ್ತಿರುವುದು ಹಾಗಾಗಿ.

ಆ ತಂಡ ಮತ್ತೆ ನಮ್ಮ ಕಣಿವೆಗೆ ಬರಲಿಲ್ಲ. ಅವನ ವಿಳಾಸ ನಮ್ಮಲ್ಲಿರಲಿಲ್ಲ, ಕೇಳಬೇಕೆಂದು ಅವತ್ತು ಇಬ್ಬರಿಗೂ ಹೊಳೆದಿರಲಿಲ್ಲ. ಕೆಲವು ವರ್ಷಗಳ ನಂತರ ಚಿನ್ನದ ಗಣಿ ಮುಚ್ಚಿತೆಂದು ಪತ್ರಿಕೆಯಲ್ಲಿ ಓದಿದಾಗ ಅತ್ತೆಗೆ ಹೇಳಿದೆ. ಅವಳು, ಅವರ ಕೆಲಸ ಗಣಿಯೊಳಗಲ್ಲವಲ್ಲ, ನಡೆಯುತ್ತದೆ ಬಿಡು ಎಂದಳು.

ಗಣಿ ಮುಚ್ಚಿದ ಮರುವರ್ಷದ ಬೇಸಿಗೆಯಲ್ಲಿ ನಾನು ಮುಂದಿನ ಓದಿಗೆ ಮಧುರೆಯಲ್ಲಿ ಹಾಸ್ಟೆಲಿನಲ್ಲಿದ್ದೆ. ಅಪ್ಪ ಪತ್ರ ಬರೆಯುವವನಲ್ಲ, ಆದರೂ ಒಂದು ಕಾರ್ಡು ಬಂತು, ತಮಿಳಿನಲ್ಲಿ, ಅವನ ದೊಡ್ಡ ದೊಡ್ಡ ಅಕ್ಷರಗಳಲ್ಲಿ. ತೇನಿಗೆ ಬೇರೆ ಯಾವುದೋ ಗಿಟಾರ್ ತಂಡ ಬಂದಿತ್ತು, ತಾನೇ ಅಕ್ಕನನ್ನು ಹೋಗೋಣವಾ ಎಂದು ಕೇಳಿದೆ, ಇಬ್ಬರೂ ಹೋಗಿದ್ದೆವು ಎಂದು ಬರೆದಿದ್ದ. ಹಾಡುವವನು ಅಷ್ಟೇನೂ ಸರಿಯಿರಲಿಲ್ಲವಂತೆ. ಅರ್ಧದಲ್ಲೇ ಎದ್ದು ಬಂದು, ಮಾರುಕಟ್ಟೆ ಬೀದಿಯಲ್ಲಿ ಬಾಳೆಕಾಯಿ ಬಜ್ಜಿ ತಿಂದು, ಮಾತಾಡಿಕೊಂಡು ಬಸ್ ನಿಲ್ದಾಣದವರೆಗೆ ನಡೆದೇ ಬಂದರಂತೆ.